ಉಣುಗು ಹೆಕ್ಕೋಕೆ ಅಮೆರಿಕಾಗೆ ಹೋಗ್ಬೇಕಿತ್ತಾ?

ಮಗಳು ಈ ರಜೆಯಲ್ಲಿ ಏನು ಮಾಡ್ತಿದಾಳೆ ಅಂತ ಅಣ್ಣ ಫೋನಿನಲ್ಲಿ ಕೇಳಿದ. ಯೂನಿವರ್ಸಿಟಿ ಲ್ಯಾಬ್ ಒಂದರಲ್ಲಿ ಇಂಟರ್ನ್‌ಶಿಪ್, ಕಾಡಿನ ಅಂಚಿನಲ್ಲಿ ಉಣುಗು ಹಿಡಿದು ಎಣಿಸುವ ಕೆಲಸ ಅಂದೆ. ಆ ಕಡೆ ಸದ್ದೇ ಇಲ್ಲ. ಲೈನ್ ಕಟ್ಟಾಯ್ತಾ ಅಂದುಕೊಂಡೆ. ಆಮೇಲೆ ನಗು.

"ಎಂತ ಮಾರಾಯಾ, ಉಣುಗು ಹೆಕ್ಕೋಕೆ ಅಮೆರಿಕಾಗೆ ಹೋಗ್ಬೇಕಿತ್ತಾ? ಇಲ್ಲಿ ಗೌರಿ ಕಿವಿ ಬಗ್ಗಿಸಿದ್ರೆ ಬೊಗಸೆ ತುಂಬ ಸಿಗ್ತದೆ."

ಗೌರಿ ಊರಿನ ಮನೆಯ ಹಸು, ಉಣುಗು ಅಂದರೆ ಅದರ ರಕ್ತ ಹೀರುವ ಉಣ್ಣೆ. ಹಿಂದಿನಿಂದ ಅತ್ತಿಗೆ ನಕ್ಕಿದ್ದೂ ಕೇಳಿಸಿತು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಚುಚ್ಚತೊಡಗಿತು.

ಯಾಕೆಂದರೆ ಅವನು ಹೇಳಿದ್ದು ನಿಜ. ಸಾಗರದ ಹತ್ತಿರದ ನಮ್ಮೂರಿನಲ್ಲಿ ಹದಿನೆಂಟು ವರ್ಷ ಬೆಳೆದವನು ನಾನು. ಸೊಪ್ಪು ತರೋಕೆ ಬೆಟ್ಟಕ್ಕೆ ಹೋಗಿ ಬಂದರೆ ಅಮ್ಮ ಜಗುಲಿಯಲ್ಲೇ ನಿಲ್ಲಿಸಿ ಬೆನ್ನು, ಕಂಕುಳು ನೋಡುತ್ತಿದ್ದಳು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಸ್ಥೆಯವರು ಬಂದು ಹುಡುಕಿದರು. ಉಣುಗಿನಿಂದ ಹರಡುವ ಈ ಮಂಗನ ಕಾಯಿಲೆಗೆ ಜಗತ್ತಿನ ಪುಸ್ತಕಗಳಲ್ಲೆಲ್ಲ ಇವತ್ತಿಗೂ ಆ ಕಾಡಿನದೇ ಹೆಸರು. ಅಂಥ ಸೀಮೆಯ ಹುಡುಗ ನಾನು ಒಂದೇ ಒಂದು ಉಣುಗನ್ನೂ ಎಣಿಸಲಿಲ್ಲ. ಎಣಿಸು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ಸೀಮೆಎಣ್ಣೆ ಹಚ್ಚಿ ಕಿತ್ತೆವು, ಒಲೆಗೆ ಹಾಕಿದೆವು, ಅಷ್ಟೆ.

ಈಗ ನಾವಿರುವುದು ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ. ಇಲ್ಲೂ ಉಣುಗಿನದೇ ರಗಳೆ, ಕಾಯಿಲೆ ಮಾತ್ರ ಬೇರೆ, ಲೈಮ್. ಸಮುದ್ರದಾಚೆಯ ಕನೆಕ್ಟಿಕಟ್‌ನಲ್ಲಿ ಲೈಮ್ ಅಂತ ಒಂದು ಊರಿದೆ. ಅಲ್ಲಿನ ಪಾಲಿ ಮರ್ರೆ ಎಂಬ ಗೃಹಿಣಿ ತನ್ನ ಮಕ್ಕಳ, ನೆರೆಹೊರೆಯವರ ಕೀಲುನೋವು, ಚರ್ಮದ ಮೇಲಿನ ಕೆಂಪು ಕಲೆ ಎಲ್ಲವನ್ನೂ ಪಟ್ಟಿ ಮಾಡಿ 1975ರಲ್ಲಿ ಆರೋಗ್ಯ ಇಲಾಖೆಗೆ ಹೇಳಿದಳು. ಹುಡುಕಾಟ ಶುರುವಾಗಿದ್ದೇ ಹಾಗೆ. ಕೊನೆಗೆ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿಗೆ ರೋಗಾಣು ಸಿಕ್ಕಿದ್ದು ನಮ್ಮ ಮನೆಯಿಂದ ಒಂದು ಗಂಟೆ ದಾರಿಯ ಶೆಲ್ಟರ್ ಐಲೆಂಡಿನ ಉಣುಗಿನ ಹೊಟ್ಟೆಯಲ್ಲಿ. ಅದು ಪ್ರಕಟವಾಗಿದ್ದು 1982ರಲ್ಲಿ. ಈ ಕಥೆ ನನಗೆ ಹೇಳಿದ್ದು ಮಗಳು. ಅವಳಿಗೆ ಹೇಳಿದ್ದು ಲ್ಯಾಬಿನವರು.

ಈ ಕೆಲಸ ಅವಳಿಗೆ ಸಿಕ್ಕಿದ ರೀತಿಯೇ ನನಗೆ ವಿಚಿತ್ರ. ಹತ್ತನೇ ಕ್ಲಾಸಿನ ಹುಡುಗಿ ಜನವರಿಯಲ್ಲಿ ಕೂತು ಮೂವತ್ತೊಂದು ಪ್ರೊಫೆಸರುಗಳಿಗೆ ಇಮೇಲ್ ಬರೆದಳು. ಇಪ್ಪತ್ತಾರು ಜನ ಉತ್ತರ ಕೊಡಲಿಲ್ಲ. ಮೂವರು ಆಗಲ್ಲ ಅಂದರು. ಒಬ್ಬರು ಜಾಗ ಇಲ್ಲ ಅಂದರು. ಒಬ್ಬರು ಬಾ ಅಂದರು. ನಾನಾಗಿದ್ದರೆ ಮೊದಲು ಯಾರ ಪರಿಚಯ ಇದೆ ಅಂತ ಹುಡುಕುತ್ತಿದ್ದೆ, ಆಮೇಲೆ ಅವರ ಮನೆಗೆ ಹಣ್ಣು ಹಿಡಿದುಕೊಂಡು ಹೋಗುತ್ತಿದ್ದೆ. ಅವಳು ಆ ಪ್ರೊಫೆಸರ್ ಬರೆದ ಒಂದು ಪೇಪರ್ ಓದಿ, ಅರ್ಥವಾಗದ ಜಾಗ ಯಾವುದು ಅಂತ ಬರೆದಿದ್ದಳಂತೆ. ಅರ್ಥವಾಗಲಿಲ್ಲ ಅಂತ ಹೇಳಿಕೊಂಡು ಸೀಟು ಗಿಟ್ಟಿಸುವುದು! ನಮ್ಮ ಕಡೆ ಇಂಟರ್‌ವ್ಯೂನಲ್ಲಿ ಹೀಗೆ ಹೇಳಿ ನೋಡಿ.

ಕೆಲಸ ಸುಲಭದ್ದು ಅನ್ನಿಸುತ್ತದೆ. ಒಂದು ಮೀಟರ್ ಉದ್ದಗಲದ ಬಿಳಿ ಫ್ಲಾನೆಲ್ ಬಟ್ಟೆ, ತುದಿಗೊಂದು ಕೋಲು, ಕೋಲಿಗೆ ಹಗ್ಗ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಂಡು ಬಟ್ಟೆಯನ್ನು ತರಗೆಲೆಯ ಮೇಲೆ ಎಳೆಯುತ್ತಾ ನಡೆಯಬೇಕು. ಜಿಂಕೆ ಬಂತು ಅಂದುಕೊಂಡು ಉಣುಗು ಬಟ್ಟೆಗೆ ಹತ್ತುತ್ತದೆ. ಸ್ವಲ್ಪ ದೂರಕ್ಕೊಮ್ಮೆ ನಿಂತು ಬಟ್ಟೆ ತಿರುಗಿಸಿ, ಚಿಮಟದಲ್ಲಿ ಹಿಡಿದು, ಆಲ್ಕೋಹಾಲ್ ಇರುವ ಸಣ್ಣ ಬಾಟಲಿಗೆ ಹಾಕಬೇಕು. ಮರಿ ಉಣುಗು ಗಸಗಸೆ ಕಾಳಿನಷ್ಟೇ. ಕಣ್ಣು ಹೋಗುತ್ತದೆ.

ಎರಡನೇ ವಾರ ಒಂದು ಸಂಜೆ ಸಪ್ಪೆ ಮುಖ ಹೊತ್ತು ಬಂದಳು. ಇಡೀ ದಿನ ಎಳೆದರೂ ಒಂದೂ ಸಿಗಲಿಲ್ಲವಂತೆ. "ಏನು ಬರೆದೆ?" ಅಂದೆ. "ಸೊನ್ನೆ." "ಬೈದ್ರಾ?" "ಯಾಕೆ ಬೈಬೇಕು? ಒಣ ಜಾಗ, ಬಿಸಿಲಿತ್ತು. ಅದಕ್ಕೇನಾ, ಬೇರೆ ಏನಾದ್ರೂ ಇದೆಯಾ ಅಂತ ಕೇಳಿದೆ. ಗೊತ್ತಿಲ್ಲ ಅಂದ್ರು. ನಾಳೆ ಅದೇ ಜಾಗಕ್ಕೆ ಬೆಳಿಗ್ಗೆ ಬೇಗ ಹೋಗು ಅಂದ್ರು."

ಆ ರಾತ್ರಿ ನನಗೆ ಬ್ರೌನ್ ರಿಂಗ್ ನೆನಪಾಯಿತು. ಪಿಯುಸಿ ಪ್ರಾಕ್ಟಿಕಲ್ ಪರೀಕ್ಷೆ. ಸಾಲ್ಟ್ ಯಾವುದು ಅಂತ ಅಟೆಂಡರ್ ಇಪ್ಪತ್ತು ರೂಪಾಯಿಗೆ ಮೊದಲೇ ಹೇಳಿದ್ದ. ಹಾಗಾಗಿ ಉತ್ತರ ಗೊತ್ತು, ನೈಟ್ರೇಟು, ಅದಿದ್ದರೆ ಕಂದು ಉಂಗುರ ಕಾಣಬೇಕು. ಆಸಿಡ್ಡನ್ನು ಟೆಸ್ಟ್ ಟ್ಯೂಬಿನ ಒಳಗೋಡೆಗುಂಟ ಎಷ್ಟು ನಯವಾಗಿ ಬಿಟ್ಟರೂ ಉಂಗುರ ಬರಲಿಲ್ಲ. "ಕಂದು ಉಂಗುರ ಕಂಡಿತು" ಅಂತ ಬರೆದೆ. ಪೂರ್ತಿ ಅಂಕ. ಪೆಂಡುಲಮ್ಮಿನದೂ ಅದೇ ಕಥೆ. ಗುರುತ್ವದ ಲೆಕ್ಕ 9.8 ಬರಬೇಕು, ಅದಕ್ಕೆ ಯಾವ ರೀಡಿಂಗ್ ಬೇಕೋ ಅದನ್ನು ಹಿಂದಿನಿಂದ ಲೆಕ್ಕ ಹಾಕಿ ತುಂಬುವುದು. ಇದನ್ನು ಮೋಸ ಅಂತ ನಾವ್ಯಾರೂ ಅಂದುಕೊಂಡಿರಲಿಲ್ಲ. ರೀಡಿಂಗ್ ಹೊಂದಿಸೋದು ಅಂತ ಅದಕ್ಕೊಂದು ಹೆಸರೇ ಇತ್ತು, ಚೆನ್ನಾಗಿ ಹೊಂದಿಸುವವನು ಜಾಣ. ನಾನು ಜಾಣನೇ ಆಗಿದ್ದೆ. ಆ ಜಾಣತನದಲ್ಲೇ ಇಂಜಿನಿಯರ್ ಆಗಿ ಇಲ್ಲಿಗೆ ಬಂದೆ. ಆ ಸಂಜೆ ಸೊನ್ನೆ ಬರೆಯುವ ಬದಲು ನಾನು ಖಂಡಿತ ಏಳು ಅಂತ ಬರೆದಿರುತ್ತಿದ್ದೆ. ಎಂಟು ಜಾಸ್ತಿಯಾಯಿತು ಅನ್ನಿಸುತ್ತಿತ್ತು.

ಊರಿನ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಮಕ್ಕಳನ್ನು ಹಿಡಿದು ಅರೆಯುವವರ ಮೇಲೆ ಸಿಟ್ಟು. ಅಣ್ಣನ ಮಗ ಕರಾವಳಿಯ ಕಾಲೇಜೊಂದರ ಹಾಸ್ಟೆಲ್ಲಿನಲ್ಲಿದ್ದಾನೆ. ಫಸ್ಟ್ ಪಿಯು ಪರೀಕ್ಷೆ ಮುಗಿಯಿತು, ಹದಿನೈದು ದಿನಕ್ಕೆ ಸೆಕೆಂಡ್ ಪಿಯು ಪಾಠ ಶುರು. ಬೇಸಿಗೆ ರಜೆ ಅಂದರೆ ಆ ಹದಿನೈದು ದಿನ, ಅದರಲ್ಲೂ ಆನ್‌ಲೈನ್ ಟೆಸ್ಟು. ಸಣ್ಣವನಿದ್ದಾಗ ಇರುವೆ ಸಾಲಿಗೆ ಬೆಲ್ಲ ಹಾಕಿ ಗಂಟೆಗಟ್ಟಲೆ ಕೂರುತ್ತಿದ್ದ ಹುಡುಗ. ಹೋದ ಭಾನುವಾರ ಮನೆಗೆ ಬಂದಿದ್ದ, ಮಾತಾಡಿಸಿದೆ. ತಂಗಿಯ ಕೆಲಸದ ಬಗ್ಗೆ ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. "ಚಿಕ್ಕಪ್ಪಾ, ಇದಕ್ಕೆ ಎಷ್ಟು ಮಾರ್ಕ್ಸು?"

ಅಣ್ಣನಿಗೆ ಒಂದು ಸಲ ಡೇವಿಡ್ ಬಾಲ್ಟಿಮೋರ್ ಕಥೆ ಹೇಳಲು ಹೋದೆ. ಮೇಯ್ನ್ ರಾಜ್ಯದಲ್ಲಿ ಜಾಕ್ಸನ್ ಲ್ಯಾಬೊರೇಟರಿ ಅಂತ ಇಲಿಗಳ ಮೇಲೆ ಸಂಶೋಧನೆ ಮಾಡುವ ಜಾಗವಿದೆ. ಬಾಲ್ಟಿಮೋರ್ ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ಅಲ್ಲಿಗೆ ಹೋಗಿದ್ದ. ಅಲ್ಲಿ ಸಿಕ್ಕಿದ ಹಿರಿಯ ಹುಡುಗ ಹೊವರ್ಡ್ ಟೆಮಿನ್. ಇಬ್ಬರೂ ಮುಂದೆ ಬೇರೆ ಬೇರೆ ಲ್ಯಾಬುಗಳಲ್ಲಿ ಒಂದೇ ಕಿಣ್ವವನ್ನು ಕಂಡುಹಿಡಿದರು, 1975ರಲ್ಲಿ ಒಟ್ಟಿಗೆ ನೊಬೆಲ್ ತೆಗೆದುಕೊಂಡರು. ಅಣ್ಣ ಪೂರ್ತಿ ಕೇಳಿ, "ಅವ್ರಿಗೆ ನೀಟ್ ಇರ್ಲಿಲ್ಲ ಬಿಡು" ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇನ್ನೂ ಒಂದೆರಡು ವಿಷಯಕ್ಕೆ ಉತ್ತರವಿಲ್ಲ, ಅದನ್ನೂ ಹೇಳಿಬಿಡಬೇಕು, ಬೇಡ ಅನ್ನಿಸಿದರೂ. ಎಂಐಟಿಯಲ್ಲಿ ನಡೆಯುವ ಹೈಸ್ಕೂಲ್ ಮಕ್ಕಳ ಬೇಸಿಗೆ ಸಂಶೋಧನಾ ಶಿಬಿರ ಆರ್‌ಎಸ್‌ಐಗೆ ದುಡ್ಡು ಕೊಡಬೇಕಿಲ್ಲ, ಆದರೆ ಅಲ್ಲಿ ತೆಗೆದುಕೊಳ್ಳುವುದು ಸುಮಾರು ನೂರು ಮಕ್ಕಳನ್ನು, ಅದೂ ಜಗತ್ತಿನ ಎಲ್ಲಾ ಕಡೆಯಿಂದ ಸೇರಿ. ಉಳಿದ ಎಷ್ಟೋ ಕಡೆ ಆರು ವಾರಕ್ಕೆ ಸಾವಿರಾರು ಡಾಲರ್ ಕಟ್ಟಬೇಕು. ದುಡ್ಡು ಕೊಟ್ಟರೆ ಮಗುವಿನ ಹೆಸರಿನಲ್ಲಿ ಪೇಪರ್ ಬರೆಸಿಕೊಡುವವರೂ ಇದ್ದಾರೆ. ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲಿ ಒಬ್ಬಟ್ಟಿಗಿಂತ ಜಾಸ್ತಿ ಬಡಿಸುವುದು ಇದೇ ಮಾತನ್ನು: ನಿಮ್ಮ ಮಗನಿಗೆ ಎಲ್ಲಿ ಸಿಕ್ತು, ಪಬ್ಲಿಕೇಶನ್ ಆಯ್ತಾ, ಕಾಲೇಜ್ ಅಪ್ಲಿಕೇಶನ್‌ಗೆ ಹಾಕ್ತೀರಾ. ಸಿಇಟಿ ರ‍್ಯಾಂಕಿನ ಮಾತೇ, ಬಟ್ಟೆ ಬದಲಿಸಿದೆ ಅಷ್ಟೆ. ನನ್ನ ಮಗಳ ಇಮೇಲುಗಳ ಇಂಗ್ಲಿಷನ್ನು ತಿದ್ದಿಕೊಟ್ಟದ್ದು ನಾನು, ದಿನಾ ಕಾರಿನಲ್ಲಿ ಬಿಟ್ಟು ಬಂದದ್ದು ನನ್ನ ಹೆಂಡತಿ. ಎರಡು ಕೆಲಸ ಮಾಡುವ ಅಪ್ಪ ಅಮ್ಮನ ಮಕ್ಕಳು ಆ ಲ್ಯಾಬಿನಲ್ಲಿ ಒಬ್ಬರೂ ಇರಲಿಲ್ಲ.

ಊರಿನಲ್ಲಿ ಏನೂ ಇಲ್ಲ ಅಂದರೆ ಅದೂ ಪೂರ್ತಿ ಸರಿಯಲ್ಲ. ಇಸ್ರೋ 2019ರಿಂದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಯುವಿಕಾ ಎಂಬ ಬಾಹ್ಯಾಕಾಶ ವಿಜ್ಞಾನದ ಶಿಬಿರ ನಡೆಸುತ್ತಿದೆ, ಖರ್ಚೆಲ್ಲ ಅವರದೇ. 1999ರಲ್ಲಿ ಶುರುವಾದ ಕೆವಿಪಿವೈ ಎಂಬ ವಿಜ್ಞಾನ ವಿದ್ಯಾರ್ಥಿವೇತನ ಇತ್ತು, ನಮ್ಮ ಬೆಂಗಳೂರಿನ ಐಐಎಸ್‌ಸಿಯೇ ನಡೆಸುತ್ತಿತ್ತು. 2022ರಲ್ಲಿ ಅದನ್ನು ಇನ್‌ಸ್ಪೈರ್ ಎಂಬ ಇನ್ನೊಂದು ಯೋಜನೆಯ ಜೊತೆ ಸೇರಿಸಿ ಮುಚ್ಚಿದರು, ಯಾಕೋ. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಅಂತ ನಮ್ಮ ಪಕ್ಕದೂರಿನ ಸರ್ಕಾರಿ ಹೈಸ್ಕೂಲಿನ ಮಕ್ಕಳು ಮೂರು ತಿಂಗಳು ಊರಿನ ಬಾವಿಗಳ ನೀರಿನ ಮಟ್ಟ ಅಳೆದಿದ್ದರಂತೆ, ಹಗ್ಗಕ್ಕೆ ಗಂಟು ಹಾಕಿಕೊಂಡು. ಇದನ್ನೂ ಹೇಳಿದ್ದು ಅಣ್ಣನೇ, ನಾನು ಬೈದು ಮುಗಿಸಿದ ಮೇಲೆ. ಅವರ ಮೇಷ್ಟ್ರು ಅಣ್ಣನ ಕ್ಲಾಸ್‌ಮೇಟು.

ಇನ್ನೊಂದು ಮಾತನ್ನೂ ಅವನೇ ಹೇಳಿದ. 2018ರ ಕೊನೆಯಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಬಂದು ಜನ ಸತ್ತರು. ಆ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತನಕ, ಅಂದರೆ ಮಕ್ಕಳ ರಜೆಯೂ ಅದರೊಳಗೇ. ಲೈಮ್‌ಗೆ ಮಾತ್ರೆ ಇದೆ, ಇದಕ್ಕಿಲ್ಲ. "ಬಿಳಿ ಬಟ್ಟೆ ಕೊಟ್ಟು ಮಕ್ಕಳನ್ನ ಕಾಡಿಗೆ ಬಿಡೋಕಾಗ್ತದಾ ಇಲ್ಲಿ? ನೀನು ಅಲ್ಲಿ ಕೂತು ಹೇಳ್ತೀಯ." ಹೌದು. ಅಲ್ಲಿ ಕೂತೇ ಹೇಳುತ್ತಿದ್ದೇನೆ.

ಕಳೆದ ವಾರ ಮಗಳೇ ದೊಡ್ಡಪ್ಪನಿಗೆ ಫೋನ್ ಮಾಡಿದಳು. ಅವಳ ಕನ್ನಡ ಮುರುಕು, ಆದರೆ ಅವನಿಗೆ ಇಷ್ಟ. ಗೌರಿಯ ಕಿವಿಯಲ್ಲಿ ಬೊಗಸೆ ತುಂಬ ಸಿಗುತ್ತದೆ ಅಂದಿರಲ್ಲ ದೊಡ್ಡಪ್ಪಾ, ಬೊಗಸೆ ಅಂದರೆ ಎಷ್ಟು ಅಂತ ಕೇಳಿದಳು. "ಯಾರಿಗ್ಗೊತ್ತು ಪುಟ್ಟೀ, ಯಾರು ಎಣಿಸಿದ್ದಾರೆ?" ಅಂದ. "ಎಣಿಸಿ ಹೇಳ್ತೀರಾ? ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ." ಅವನು ಮತ್ತೆ ನಕ್ಕ. ಅಲ್ಲಿ ಮಳೆ ಹೊಡೆಯುತ್ತಿತ್ತು, ಸರಿಯಾಗಿ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಅವಳ ಮೊಬೈಲಿಗೆ ಮೆಸೇಜ್ ಬಂದಿತ್ತು. ಜೊತೆಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡ ಕೈಯ ಫೋಟೋ.

"ಗೌರಿ. ಎಡಕಿವಿ 14. ಬಲಕಿವಿ 9. ಬಾಲದ ಬುಡ ನೋಡಲು ಆಗಲಿಲ್ಲ. ಒದ್ದಳು."