ತಗ್ಗು ಅದೇ, ಸಸಿ ಹೊಸದು

ಗದಗ ಜಿಲ್ಲೆಯ ಯಾವುದೇ ಹೋಬಳಿ ಊರಿನಲ್ಲಿ ಬಸ್ಸಿಳಿದು "ಕೆ.ಬಿ.ಎಸ್. ಎಲ್ಲೈತ್ರಿ?" ಅಂತ ಕೇಳಿದರೆ ಚಹಾದಂಗಡಿಯವನು ಸೌಟು ಕೆಳಗಿಡದೆ ಗದ್ದದಿಂದಲೇ ದಾರಿ ತೋರಿಸುತ್ತಾನೆ. ಕನ್ನಡ ಬಾಯ್ಸ್ ಸ್ಕೂಲ್, ಅಂದರೆ ಗಂಡು ಮಕ್ಕಳ ಶಾಲೆ. 1956ರಲ್ಲಿ ಮುಂಬೈ ಪ್ರಾಂತದ ನಂಟು ಕಡಿದು ರಾಜ್ಯ ಒಂದಾಯಿತು, 1997ರಲ್ಲಿ ಧಾರವಾಡ ಒಡೆದು ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಕೆ.ಬಿ.ಎಸ್. ಮಾತ್ರ ಕೆ.ಬಿ.ಎಸ್. ಆಗಿಯೇ ಉಳಿಯಿತು. ಪಕ್ಕದಲ್ಲಿ ಕೆ.ಜಿ.ಎಸ್., ಹೆಣ್ಣು ಮಕ್ಕಳದು. ನಡುವೆ ಎದೆಮಟ್ಟದ ಗೋಡೆ. ಎರಡು ಗಂಟೆ, ಎರಡು ಅಡುಗೆ ಕೋಣೆ, ಎರಡು ಹೆಡ್ ಮಾಸ್ತರರ ಖುರ್ಚಿ. ಈ ಗೋಡೆ ಆಮೇಲೆ ಉಪಯೋಗಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇಂಥ ನಾಲ್ಕಾರು ಶಾಲೆ ಕಲಸಿ ಒಂದು ಶಾಲೆ ಮಾಡಿಕೊಳ್ಳೋಣ. ಮಂಜೂರಾದ ಹುದ್ದೆ ಏಳು. ಹೆಡ್ ಮಾಸ್ತರರು ಮೇ 31ಕ್ಕೆ ನಿವೃತ್ತರು. ಒಬ್ಬರು ನಿಯೋಜನೆಯ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ. ಒಬ್ಬರು ಮತಗಟ್ಟೆ ಮಟ್ಟದ ಅಧಿಕಾರಿ, ಕೈಯಲ್ಲಿ ಮತದಾರರ ಪಟ್ಟಿ ಹಿಡಿದು ಓಣಿಯಲ್ಲಿ. ಗಣಿತ-ವಿಜ್ಞಾನದ ಹುದ್ದೆ ಖಾಲಿ. ಉಳಿದವರು ಮೂವರು, ಅದರಲ್ಲಿ ಹಿರಿಯರು ಪ್ರಭಾರಿ ಹೆಡ್ ಮಾಸ್ತರರು. ಅವರು ತರಗತಿಗೆ ಬರುವುದು ಸೀಮೆಸುಣ್ಣ ಕೇಳಲು. ಸಂಘಗಳು ಮಾತ್ರ ಹನ್ನೊಂದೂ ಭರ್ತಿ: ಇಕೋ ಕ್ಲಬ್, ವಿಜ್ಞಾನ ಸಂಘ, ಗಣಿತ ಸಂಘ, ಕನ್ನಡ ಸಂಘ, ಇಂಗ್ಲಿಷ್ ಕ್ಲಬ್, ಗ್ರಾಹಕರ ಕ್ಲಬ್, ರಸ್ತೆ ಸುರಕ್ಷತಾ ಕ್ಲಬ್, ಮಕ್ಕಳ ಹಕ್ಕುಗಳ ಕ್ಲಬ್, ಸೇವಾದಳ, ಶಾಲಾ ಸಂಸತ್ತು ಮತ್ತು ಮೀನಾ ತಂಡ. ಗಣಿತ ಕಲಿಸುವವರು ಇಲ್ಲದಿದ್ದರೂ ಗಣಿತ ಸಂಘ ನಡೆಯುತ್ತದೆ. ಕಲಿಸುವವರು ಇದ್ದಿದ್ದರೆ ಸಂಘಕ್ಕೆ ಇಷ್ಟು ಬಿಡುವು ಎಲ್ಲಿ ಸಿಗುತ್ತಿತ್ತು?

ಸಂಘ ಹುಟ್ಟುವ ಕ್ರಮ ಹೀಗಿದೆ. ರಾತ್ರಿ ಒಂಬತ್ತರ ಸುಮಾರಿಗೆ ವಾಟ್ಸಾಪ್ ಗುಂಪಿಗೆ ಸುತ್ತೋಲೆ ಬೀಳುತ್ತದೆ, ಕೆಳಗೆ "ನಾಳೆ 11 ಗಂಟೆಯೊಳಗೆ ವರದಿ, ತಪ್ಪಿದಲ್ಲಿ ತಾವೇ ಹೊಣೆ." ಬೆಳಿಗ್ಗೆ ಠರಾವು ಪುಸ್ತಕದಲ್ಲಿ ಅಧ್ಯಕ್ಷರು ಮುಖ್ಯೋಪಾಧ್ಯಾಯರು, ಕಾರ್ಯದರ್ಶಿ ಸಹಶಿಕ್ಷಕರು, ಸದಸ್ಯರು ಏಳನೇತ್ತೆಯ ಮೊದಲ ಬೆಂಚಿನ ಐದು ಹುಡುಗರು. ಹನ್ನೊಂದೂ ಸಂಘಕ್ಕೆ ಅದೇ ಐವರು. ಹಿಂದಿನ ಬೆಂಚಿನವರನ್ನು ಹಾಕಿದರೆ ಹೆಸರು ತಪ್ಪಿಲ್ಲದೆ ಬರೆಯಲು ಹಾಜರಿ ಪುಸ್ತಕ ತೆಗೆಯಬೇಕಾಗುತ್ತದೆ. ಆಮೇಲೆ ಆರು ಅಡಿಗೆ ನಾಲ್ಕು ಅಡಿಯ ಫ್ಲೆಕ್ಸ್. ಅದರಲ್ಲಿ ಸಂಘದ ಹೆಸರಿನ ಜಾಗವನ್ನೂ ದಿನಾಂಕದ ಜಾಗವನ್ನೂ ಖಾಲಿ ಬಿಡಿಸಿ, ಕಾಗದದ ಪಟ್ಟಿ ಅಂಟಿಸುವುದು ಅನುಭವಸ್ಥರ ಪದ್ಧತಿ. ಒಂದೇ ಫ್ಲೆಕ್ಸಿನಲ್ಲಿ ಹನ್ನೊಂದು ಉದ್ಘಾಟನೆ ಮುಗಿಯುತ್ತದೆ. ಇದರಲ್ಲಿ ಕೆಡುವುದು ಒಂದೇ: ಅಂಟು. ಇಲ್ಲಿನ ಗಾಳಿ ಕಪ್ಪತಗುಡ್ಡದ ಮೇಲಿನ ಗಾಳಿಗಿರಣಿ ತಿರುಗಿಸುವಂಥದ್ದು, ಕಾಗದದ ಪಟ್ಟಿ ಅದಕ್ಕೆ ಯಾವ ಲೆಕ್ಕ? ಪಟ್ಟಿ ಹಾರಿ, ಕೆಳಗಿದ್ದ ಹಿಂದಿನ ಪಟ್ಟಿ ಕಂಡು, "ರಸ್ತೆ ಸುರಕ್ಷತಾ ಕ್ಲಬ್ ವತಿಯಿಂದ ಕನಕದಾಸ ಜಯಂತಿ" ಅಂತ ಫೋಟೊ ಅಪ್‌ಲೋಡ್ ಆಗಿಬಿಡುತ್ತದೆ. ಬಾಡದ ಕನಕನಾಯಕ ಕಾಗಿನೆಲೆಯ ಕನಕದಾಸನಾದ ದಾರಿಯಲ್ಲಿ ಅಪಘಾತಗಳು ಆಗಿರಲಿಲ್ಲ ಎನ್ನುವಂತೆಯೂ ಇಲ್ಲ ಬಿಡಿ.

ಇಕೋ ಕ್ಲಬ್ಬಿನ ಫ್ಲೆಕ್ಸಿನ ವಿಷಯ ಇನ್ನೂ ಚಂದ. ಈ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟದ ಜೊತೆ ಫ್ಲೆಕ್ಸನ್ನೂ 2016ರ ಮಾರ್ಚ್‌ನಲ್ಲೇ ನಿಷೇಧಿಸಲಾಗಿದೆ. "ಪ್ಲಾಸ್ಟಿಕ್ ಮುಕ್ತ ಶಾಲೆ" ಎಂಬ ಪ್ರತಿಜ್ಞೆಯನ್ನು ಹುಡುಗರು ಅದೇ ನಿಷೇಧಿತ ವಸ್ತುವಿನ ಕೆಳಗೆ ನಿಂತು, ಬಲಗೈ ಮುಂದೆ ಚಾಚಿ ಮಾಡುತ್ತಾರೆ. ಬಟ್ಟೆಯ ಬ್ಯಾನರಿನ ಮೇಲೆ ಬರೆಸಬಹುದಲ್ಲ ಎಂದರೆ ಉತ್ತರ ಸಿದ್ಧ: "ಅರಿವಿ ಮ್ಯಾಲೆ ಸಾಹೇಬ್ರ ಫೋಟೊ ಮೂಡಂಗಿಲ್ಲರಿ."

ಇನ್ನು ಜೂನ್ 5ರ ಸಸಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅರಣ್ಯ ಇಲಾಖೆಯ ನರ್ಸರಿಯಿಂದ ಹೊಂಗೆ, ಬೇವು ಬೈಕಿನ ಮೇಲೆ ಬರುತ್ತವೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ತಗ್ಗು ತೋಡಬೇಕು, ತಿಪ್ಪೆಗೊಬ್ಬರ ಬೆರೆಸಬೇಕು, ಕಪ್ಪು ಚೀಲ ಸೀಳಿ ತೆಗೆಯಬೇಕು, ಬುಡಕ್ಕೆ ಮಣ್ಣೇರಿಸಬೇಕು. ಇಲ್ಲದಿದ್ದರೆ ಕಪ್ಪು ಎರಿ ಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಆದರೆ ಜೂನ್ 5ಕ್ಕೆ ಹದ ಮಳೆ ಬಿದ್ದಿರುವುದೇ ಅಪರೂಪ. ಒಣಗಿದ ಎರಿ ನೆಲ ಗುದ್ದಲಿಗೆ ಕಿಡಿ ಹಾರಿಸುತ್ತದೆ. ಸಡಿಲ ಮಣ್ಣು ಇರುವುದು ಒಂದೇ ಕಡೆ: ಹೋದ ವರ್ಷದ ತಗ್ಗಿನಲ್ಲಿ. ಹಾಗಾಗಿ ಪ್ರತಿ ವರ್ಷ ತಗ್ಗು ಅದೇ. ಚೀಲ ಸೀಳಿದರೆ ಬೈಕಿನ ಕುಲುಕಾಟಕ್ಕೆ ಸಡಿಲಾದ ಮಣ್ಣುಂಡೆ ಉದುರಿ ಸಸಿ ಸೊಟ್ಟ ನಿಲ್ಲುತ್ತದೆ, ಫೋಟೊ ಚಂದ ಬರುವುದಿಲ್ಲ. ಹಾಗಾಗಿ ಚೀಲವೂ ಒಳಗೇ. "ಸರ, ಫೋಟೊ ಮೊದ್ಲ ಹೊಡೀರಿ, ನೀರ ಆಮ್ಯಾಲೆ ಹಾಕ್ಸೂಣು." ಬೇರು ಚೀಲದೊಳಗೇ ಸುರುಳಿ ಸುತ್ತುತ್ತದೆ. ಹಿಂಗಾರಿ ಮಳೆ ಇರುವ ತನಕ ಎಲೆ ಹಸಿರು. ಫೆಬ್ರುವರಿಗೆ ನೆಲ ಬಾಯಿ ಬಿಟ್ಟು, ಹುಡುಗರ ಗೋಲಿಗುಂಡು ಒಳಗೆ ಬಿದ್ದರೆ ಸಿಗದಷ್ಟು ಬಿರುಕು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಉಳಿದ ಕೆಲಸವನ್ನು ಆಡು ಮುಗಿಸುತ್ತದೆ.

2024ರ ಜೂನ್ 5ರಿಂದ ತಾಯಿಯ ಹೆಸರಿನಲ್ಲಿ ಗಿಡ ನೆಡುವ ಅಭಿಯಾನವೂ ಸೇರಿಕೊಂಡಿದೆ. ಹುಡುಗನ ಜೊತೆ ತಾಯಿ ನಿಂತ ಫೋಟೊ ಬೇಕು. ಊರಿನ ತಾಯಂದಿರು ಹೊತ್ತು ಮೂಡುವ ಮೊದಲೇ ಹೊಲದ ಕೂಲಿಗೆ ಹೋಗಿರುತ್ತಾರೆ. ಒಂದು ದಿನದ ಪಗಾರ ಬಿಟ್ಟು ಬರಲು ಗಿಡವೇನು ಮೊಮ್ಮಗನೇ? ಕೊನೆಗೆ ಬಿಸಿಯೂಟದ ಅಡುಗೆಯವ್ವ ಸೆರಗು ಬದಲಿಸಿ ಬದಲಿಸಿ ಇಪ್ಪತ್ತೆರಡು ಗಂಡು ಮಕ್ಕಳ ತಾಯಿಯಾಗುತ್ತಾಳೆ. ಅಷ್ಟರಲ್ಲಿ ಒಲೆಯ ಮೇಲಿನ ಸಾರು ತಳ ಹಿಡಿದಿರುತ್ತದೆ.

ಮೀನಾ ತಂಡ ಹೆಣ್ಣು ಮಕ್ಕಳನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಹುಟ್ಟಿದ್ದು. ಗಂಡು ಮಕ್ಕಳ ಶಾಲೆಗೂ ಅದರ ನಮೂನೆ ಬರುತ್ತದೆ. "ಅನ್ವಯಿಸುವುದಿಲ್ಲ" ಅಂತ ಬರೆದರೆ ಆ ಕಾಲಂ ಅಕ್ಷರ ಒಪ್ಪುವುದಿಲ್ಲ, ಅಂಕಿ ಬೇಕು. ಸೊನ್ನೆ ಹಾಕಿದರೆ "ಪ್ರಗತಿ ಶೂನ್ಯ, ಕಾರಣ ಕೇಳಿ ನೋಟಿಸ್." ಈಗ ಗೋಡೆ ಉಪಯೋಗಕ್ಕೆ ಬಂತು. "ಅಕ್ಕಾರ, ಎಂಟು ಹುಡುಗ್ಯಾರನ ಹತ್ತು ನಿಮಿಷ ಕಡಾ ಕೊಡ್ರಿ." "ಕೊಡ್ತೀನಿ ಸರ, ನಮಗೂ ನಾಳೆ ಲಿಂಗ ಸಮಾನತೆ ಫೋಟೊಕ್ಕ ನಾಕು ಗಂಡು ಹುಡುಗ್ರು ಬೇಕು." ಕೊಟ್ಟು ತೆಗೆದುಕೊಂಡು ನಡೆಯುವುದು ಹಳ್ಳಿಯ ರೀತಿ.

ಸೇವಾದಳದ ಬಗ್ಗೆ ಹೆಚ್ಚು ನಗುವಂತಿಲ್ಲ. ಸ್ವಾತಂತ್ರ್ಯ ಹೋರಾಟಗಾರ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಈ ಸ್ವಯಂಸೇವಕರ ಪಡೆ ಕಟ್ಟಿ, ಹುಬ್ಬಳ್ಳಿಯನ್ನು ಅದರ ಮನೆ ಮಾಡಿದರು. ಈಗ ಶಾಲೆಯಲ್ಲಿ ಅದರ ಪಾಲಿಗೆ ಉಳಿದಿರುವುದು ಒಂದು ಸೀಟಿ, ಅದೂ ದೈಹಿಕ ಶಿಕ್ಷಕರ ಜೊತೆ ವರ್ಗವಾಗಿ ಹೋಗಿದೆ. ಶಾಲಾ ಸಂಸತ್ತಿನಲ್ಲಿ ಮೊಬೈಲಿನ ಮತಯಂತ್ರದಲ್ಲಿ ಮತದಾನ ನಡೆದು ಪ್ರಧಾನಿ, ಆಹಾರ ಮಂತ್ರಿ, ವಾರ್ತಾ ಮಂತ್ರಿ ಆಯ್ಕೆಯಾಗುತ್ತಾರೆ. ನಿಜವಾಗಿ ದುಡಿಯುವವನು ನೀರಾವರಿ ಮಂತ್ರಿ ಒಬ್ಬನೇ. ವಾರಕ್ಕೊಮ್ಮೆ ನಳ ಬಂದಾಗ ಕೊಡ ಹೊರಬೇಕಲ್ಲ.

ವರ್ಗಾವಣೆಯ ಹಂಗಾಮು ಬೇಸಿಗೆ ರಜೆಯಲ್ಲಿ ಮುಗಿಯಬೇಕಾದದ್ದು ಗಣಪತಿ ಹಬ್ಬದ ತನಕ ಎಳೆಯುತ್ತದೆ. ಕೋರಿಕೆ, ಪರಸ್ಪರ, ಹೆಚ್ಚುವರಿ ಅಂತ ಬೇರೆ ಬೇರೆ ಬಗೆ. ಹೆಚ್ಚುವರಿ ಅನ್ನುವುದು ವಿಚಿತ್ರ: ದಾಖಲಾತಿ ಇಳಿದಿದ್ದಕ್ಕೆ ಒಬ್ಬರು ಹೆಚ್ಚಾಗುತ್ತಾರೆ, ಒಬ್ಬರು ಹೋದದ್ದಕ್ಕೆ ದಾಖಲಾತಿ ಇನ್ನೂ ಇಳಿಯುತ್ತದೆ, ಮುಂದಿನ ವರ್ಷ ಮತ್ತೊಬ್ಬರು ಹೆಚ್ಚಾಗುತ್ತಾರೆ. ಹೋಗುವವರಿಗೆ ಬೀಳ್ಕೊಡುಗೆ ಕಡ್ಡಾಯ ಪರಂಪರೆ. ಶಾಲು, ಹಾರ, ಐದು ಥರದ ಹಣ್ಣು, ಗೋಡೆಗೆ ಮೊಳೆ ಹೊಡೆಯಲು ಆಗದಷ್ಟು ಭಾರದ ಫ್ರೇಮು, ಹದಿನಾಲ್ಕು ಮಂದಿಯ ಭಾಷಣ. ಹುಡುಗರು ಅಳಬೇಕು. ಮರುದಿನ ತಡೆಯಾಜ್ಞೆ ಬಂದು ಮಾಸ್ತರರು ಅದೇ ಬಸ್ಸಿಗೆ ಇಳಿದರೆ ಯಾರೂ ನಗುವಂತಿಲ್ಲ. ಶಾಲು ವಾಪಸ್ ಪಡೆಯುವ ನಿಯಮ ಇಲ್ಲ. ಹೆಚ್ಚೆಂದರೆ ಎರಡನೇ ಬೀಳ್ಕೊಡುಗೆಗೆ ಅದನ್ನೇ ಹೊದಿಸಬಹುದು.

2025ರಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮಾಸ್ತರರೆಲ್ಲ ಮನೆಮನೆ ಹತ್ತಿಳಿದು, ದಸರಾ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಆ ತಿಂಗಳೂ ಸಂಘಗಳ ವರದಿ ತಪ್ಪಲಿಲ್ಲ. ಅಕ್ಟೋಬರ್ 15ರ ಕೈ ತೊಳೆಯುವ ದಿನಕ್ಕೆ ಹಳೆಯ ಫೋಟೊದಲ್ಲಿನ ಹುಡುಗರೇ ಮತ್ತೆ ಕೈ ತೊಳೆದರು. ಅವರು ಈಗ ಪಿಯುಸಿ ಓದುತ್ತಿದ್ದಾರೆ.

ಹೆಡ್ ಮಾಸ್ತರರ ಖುರ್ಚಿಗೆ ವರ್ಷದಲ್ಲಿ ಮೂರು ಸಲ ಚಾರ್ಜ್ ಬದಲಾಗುತ್ತದೆ. ಪ್ರತಿ ಸಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜಂಟಿ ಖಾತೆಯ ಸಹಿ ಬದಲಿಸಲು ಠರಾವು, ಬಿಇಒ ಪತ್ರ, ಇಬ್ಬರ ಆಧಾರ್, ಬ್ಯಾಂಕಿಗೆ ನಾಲ್ಕು ಓಡಾಟ. ಸಹಿ ಚಾಲ್ತಿಯಾಗುವ ವಾರಕ್ಕೆ ಸಹಿ ಮಾಡಿದವರು ಬೇರೆ ಊರಿನಲ್ಲಿ. ಆದರೆ ನಿಜವಾದ ಗಂಡಾಂತರ ಡೆಡ್ ಸ್ಟಾಕ್ ರಜಿಸ್ಟರ್, ಅಂದರೆ ಶಾಲೆಯ ಸಾಮಾನಿನ ಲೆಕ್ಕದ ಪುಸ್ತಕ. ರೀಡು ಹೋದ ಹಾರ್ಮೋನಿಯಂ ಒಂದು, ಆಫ್ರಿಕಾ ತೂತಾದ ಗ್ಲೋಬು ಒಂದು, ದನಿಯಿಲ್ಲದ ರೇಡಿಯೊ ಎರಡು, ಕಾಲು ಮುರಿದ ಕಬ್ಬಿಣದ ಖುರ್ಚಿ ಹನ್ನೊಂದು. ಇವನ್ನು ಎಸೆಯುವಂತಿಲ್ಲ. ಖರೀದಿ ವರ್ಷ, ಬೆಲೆ ಬರೆದ ಯಾದಿ, ಪರಿಶೀಲನಾ ಸಮಿತಿ, ಮೇಲಧಿಕಾರಿಯ ಅನುಮತಿ, ಬಹಿರಂಗ ಹರಾಜು, ಖಜಾನೆಗೆ ಚಲನ್. ಸಮಿತಿಗೆ ಕುಡಿಸುವ ಚಹಾದ ಖರ್ಚು ಖುರ್ಚಿಯ ಗುಜರಿ ಬೆಲೆಗಿಂತ ಜಾಸ್ತಿ. ಹಾಗಾಗಿ ಏಳನೇತ್ತೆಯ ಕೋಣೆಯಲ್ಲಿ ಅವು ವಾಸ, ಏಳನೇತ್ತೆ ವರಾಂಡದಲ್ಲಿ.

ಡಿಸೆಂಬರಿನಲ್ಲಿ ಬಡ್ತಿಯ ಮೇಲೆ ಬಂದ ಹೊಸ ಹೆಡ್ ಮಾಸ್ತರರು ಎಣಿಸಿದರು. ಹತ್ತೇ ಖುರ್ಚಿ. "ಇನ್ನೊಂದು ಎಲ್ಲೈತಿ ಗುರುಗಳ? ಅದು ಸಿಗೋ ತನಕ ನಾ ಸಹಿ ಮಾಡಂಗಿಲ್ಲ." ಅಟ್ಟ, ಅಡುಗೆ ಕೋಣೆ, ಕೆ.ಜಿ.ಎಸ್. ಗೋಡೆಯ ಆಚೆ, ಎಲ್ಲ ಹುಡುಕಿದರು. ನೀರಾವರಿ ಮಂತ್ರಿ ಕೊಡ ಇಳಿಸಿ ಕೈ ತೋರಿಸಿದ. ಮೈದಾನದ ಮೂಲೆಯಲ್ಲಿ, ಆಡು ಬಾಯಿ ಹಾಕದಂತೆ ಇಕೋ ಕ್ಲಬ್ಬಿನ ಸಸಿಗೆ ಬೇಲಿಯಾಗಿ ಬೋರಲು ಹಾಕಿದ್ದ ಹನ್ನೊಂದನೆಯ ಖುರ್ಚಿ. ಒಳಗೆ ಒಂದು ಒಣ ಕಡ್ಡಿ, ಬುಡದಲ್ಲಿ ಇಣುಕುವ ಕಪ್ಪು ಚೀಲ.

ಎಣಿಕೆ ಸರಿಹೋಯಿತು. ಇಬ್ಬರೂ ಸಹಿ ಮಾಡಿದರು, ಫೋಟೊ ತೆಗೆದರು.