ಹಳೆಯ ಚೀಟಿಗೆ ಆತಂಕದ ಗುಳಿಗೆ ಕೊಡಬಹುದೆ?

ಗುಳಿಗೆ ಮುಗಿದಿದೆ. ವೈದ್ಯರು ಬರೆದ ಚೀಟಿ ಹಳೆಯದು. ಅವರು ಮತ್ತೆ ಸಿಗುವುದು ಇನ್ನೂ ಕೆಲವು ದಿನಗಳ ಮೇಲೆ. ಅಲ್ಪ್ರಜೋಲಾಮ್‌ನಂಥ ಆತಂಕದ ಗುಳಿಗೆಯನ್ನು ಔಷಧ ಅಂಗಡಿಯವರು ಆ ಹಳೆಯ ಚೀಟಿ ನೋಡಿ ಕೊಡಬಹುದೆ? ಕೊಡಬೇಕು ಎನ್ನುವವರು ಬೀಳಗಿ ತಾಲ್ಲೂಕಿನ ರೈತರೊಬ್ಬರು. ಕೂಡದು ಎನ್ನುವವರು ವಿಜಯಪುರದಲ್ಲಿ ಔಷಧ ಅಂಗಡಿ ನಡೆಸುವವರೊಬ್ಬರು.

ಪರ: ಐದು ದಿನದ್ದನ್ನಾದರೂ ಕೊಡಿ

ನನ್ನ ಅವ್ವ ಗುಳಿಗೆಯ ಸ್ಟ್ರಿಪ್ಪನ್ನು ಎಲೆಯಡಿಕೆಯ ಚಂಚಿಯಲ್ಲಿ ಇಡುತ್ತಾಳೆ, ಸುಣ್ಣದ ಡಬ್ಬಿಯ ಪಕ್ಕದಲ್ಲಿ. ಬೇರೆ ಎಲ್ಲಿಟ್ಟರೂ ಅವಳಿಗೆ ಧೈರ್ಯವಿಲ್ಲ.

ನಮ್ಮ ಊರು ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಂಡೆವು. ಅಣೆಕಟ್ಟಿನ ನೀರಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರುತ್ತದೆ ಎಂಬ ಸುದ್ದಿ ಟಿವಿಯಲ್ಲಿ ಬಂದಾಗಲೆಲ್ಲ ಅವ್ವನ ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಉಸಿರು ಸಾಲದೆ ಅಂಗಳಕ್ಕೆ ಬಂದು ಕೂರುತ್ತಾಳೆ. ಈಗಿನ ಮನೆಗೆ ನೀರು ಬರುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಅಷ್ಟೆ. ಒಮ್ಮೆ ಮನೆ ಮುಳುಗಿದ್ದನ್ನು ಕಣ್ಣಾರೆ ಕಂಡವಳು ಅವಳು.

ಆರು ವರ್ಷಗಳ ಹಿಂದೆ ಒಬ್ಬ ವೈದ್ಯರು ಅಲ್ಪ್ರಜೋಲಾಮ್ 0.5 ಮಿಲಿಗ್ರಾಂ, ದಿನಕ್ಕೆ ಮೂರು ಬಾರಿ ಎಂದು ಬರೆದರು. ಮೊದಲ ರಾತ್ರಿ ಅವ್ವ ಎಷ್ಟು ಗಾಢವಾಗಿ ಮಲಗಿದಳೆಂದರೆ, ಉಸಿರಾಡುತ್ತಿದ್ದಾಳೆಯೇ ಎಂದು ನೋಡಲು ನಾನು ಎರಡು ಸಲ ಎದ್ದೆ. ಎಷ್ಟು ದಿನ ಕೊಡಬೇಕು, ಹೇಗೆ ನಿಲ್ಲಿಸಬೇಕು ಎಂದು ಆ ವೈದ್ಯರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಚೀಟಿ ಅದೇ, ಅಂಗಡಿ ಅದೇ, ತಿಂಗಳಿಗೊಮ್ಮೆ ನಾನು ಹೋಗಿ ತರುತ್ತಿದ್ದೆ.

ಕಳೆದ ಸೀಗೆ ಹುಣ್ಣಿಮೆಯ ಹೊತ್ತಿಗೆ ಗುಳಿಗೆ ಮುಗಿಯಿತು. ಎಂದಿನ ಅಂಗಡಿಯಲ್ಲಿ ಹೊಸ ಹುಡುಗನಿದ್ದ. "ಇದಕ್ಕೆ ಹೊಸ ಚೀಟಿ ಬೇಕು ಅಣ್ಣಾ" ಎಂದ. ವೈದ್ಯರು ಊರಲ್ಲಿರಲಿಲ್ಲ. ಬಂದ ಮೇಲೆ ಬರೆಸಿದರಾಯಿತು, ನಾಲ್ಕು ದಿನ ಗುಳಿಗೆ ಇಲ್ಲದಿದ್ದರೆ ಏನಾದೀತು ಎಂದುಕೊಂಡು ಮರಳಿದೆ. ಆ ಎಣಿಕೆ ನನ್ನದೇ ತಪ್ಪು.

ಎರಡನೆಯ ದಿನ ಅವ್ವನ ಕೈ ನಡುಗತೊಡಗಿತು. ಅರವತ್ತು ವರ್ಷ ರೊಟ್ಟಿ ಬಡಿದ ಕೈಗೆ ನೀರಿನ ಚರಿಗೆ ಹಿಡಿಯಲು ಆಗಲಿಲ್ಲ. ರಾತ್ರಿಯಿಡೀ ಎಚ್ಚರವಿದ್ದಳು, ಗೋಡೆಯ ಮೇಲೆ ಏನೋ ಹರಿದಾಡುತ್ತಿದೆ ಎಂದಳು. ಮೂರನೆಯ ರಾತ್ರಿ ಫಿಟ್ಸ್ ಬಂದಿತು. ಟಂಟಂನಲ್ಲಿ ಮಲಗಿಸಿಕೊಂಡು ಬಾಗಲಕೋಟೆಗೆ ಓಡಿದೆವು. ತುರ್ತು ವಿಭಾಗದ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಯಾವುದಾದರೂ ಗುಳಿಗೆ ನಿಲ್ಲಿಸಿದಿರಾ?"

ಅವರು ಆಮೇಲೆ ತಿಳಿಸಿ ಹೇಳಿದರು. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ, ನರಗಳ ಓಟಕ್ಕೆ ಅದೇ ಲಗಾಮು. ಈ ಗುಳಿಗೆ ಆ ಲಗಾಮನ್ನು ಬಿಗಿ ಮಾಡುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಮಿದುಳು ತನ್ನ ಹಿಡಿತವನ್ನು ತಾನೇ ಸಡಿಲಿಸಿಬಿಡುತ್ತದೆ. ಗುಳಿಗೆ ಒಮ್ಮೆಲೇ ನಿಂತರೆ ಹಿಡಿಯುವವರೇ ಇಲ್ಲದಂತಾಗುತ್ತದೆ. ಅದರಲ್ಲೂ ಅಲ್ಪ್ರಜೋಲಾಮ್ ಬೇಗ ಇಳಿಯುವ ಗುಳಿಗೆ, ಸುಮಾರು ಹನ್ನೊಂದು ಗಂಟೆಯಲ್ಲಿ ರಕ್ತದಲ್ಲಿ ಅರ್ಧದಷ್ಟಾಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯವಾಗುವ ಫಿಟ್ಸ್ ಬರಬಹುದು ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಬೆಂಜೊಡಯಾಜೆಪೈನ್ ಎಂಬ ಈ ಗುಂಪಿನ ಎಲ್ಲ ಗುಳಿಗೆಗಳ ಮಾಹಿತಿ ಹಾಳೆಯಲ್ಲೂ ಎದ್ದು ಕಾಣುವಂತೆ ಚೌಕಟ್ಟಿನೊಳಗೆ ಹಾಕಿಸಿದೆ.

ಹೀಗಿರುವಾಗ "ಚೀಟಿ ಇಲ್ಲ, ಗುಳಿಗೆ ಇಲ್ಲ" ಎಂದು ಕೈಯಾಡಿಸಿದರೆ ಸುರಕ್ಷತೆ ಹೇಗಾದೀತು? ಹೊಸದಾಗಿ ಕೇಳುವವರಿಗೆ ಕೊಡಬೇಡಿ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ವರ್ಷಗಳಿಂದ ನುಂಗುತ್ತಿರುವವರಿಗೆ ಒಂದು ದಿನ ಏಕಾಏಕಿ ಇಲ್ಲವೆನ್ನುವುದು ಬೇರೆಯೇ ಸಂಗತಿ. ಬ್ರಿಟನ್ನಿನಲ್ಲಿ ಈ ತೊಡಕಿಗೆ ಒಂದು ದಾರಿ ಇದೆ. ಮೊದಲೇ ವೈದ್ಯರು ಬರೆದಿದ್ದ ಗುಳಿಗೆ ಮುಗಿದುಹೋಗಿ ತುರ್ತು ಬಿದ್ದರೆ, ಫಾರ್ಮಾಸಿಸ್ಟ್ ರೋಗಿಯನ್ನು ವಿಚಾರಿಸಿ, ಈ ಗುಂಪಿನ ಬಹುತೇಕ ಗುಳಿಗೆಗಳನ್ನು ಐದು ದಿನಕ್ಕೆ ಮೀರದಷ್ಟು ಕೊಟ್ಟು ದಾಖಲೆ ಮಾಡಿಕೊಳ್ಳಬಹುದು. ನಮಗೂ ಅಷ್ಟೇ ಸಾಕು. ತಾಲ್ಲೂಕು ಆಸ್ಪತ್ರೆಗೆ ಸರಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವುದು ಮಂಗಳವಾರ. ಆ ದಿನ ಕಬ್ಬಿಗೆ ನೀರು ಹಾಯಿಸುವ ಪಾಳಿ ಬಂದರೆ ಮುಂದಿನ ಮಂಗಳವಾರವೇ ಗತಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಹೋಗಿಬರಲು ಒಂದು ದಿನ ಪೂರ್ತಿ ಬೇಕು.

ಅವ್ವನ ಗುಳಿಗೆಯನ್ನು ಈಗ ತಿಂಗಳುಗಟ್ಟಲೆ ಸಮಯ ಕೊಟ್ಟು ಇಳಿಸುತ್ತಿದ್ದೇವೆ. ದಿನಕ್ಕೆ ಒಂದೂವರೆ ಮಿಲಿಗ್ರಾಂ ಇದ್ದದ್ದು ಮುಕ್ಕಾಲಿಗೆ ಬಂದಿದೆ. ಅಡಕತ್ತರಿಯಿಂದ ಗುಳಿಗೆಯನ್ನು ಅರ್ಧ ಮಾಡುತ್ತಾಳೆ. ತುಂಡುಗಳು ಸಮನಾಗಿ ಬರುವುದಿಲ್ಲ. ಸಣ್ಣ ತುಂಡನ್ನು ಹಗಲಿಗೆ ನುಂಗಿ, ದೊಡ್ಡದನ್ನು ರಾತ್ರಿಗೆಂದು ಚಂಚಿಯಲ್ಲಿ ಎತ್ತಿಡುತ್ತಾಳೆ.

ವಿರೋಧ: ಆರು ವರ್ಷ ಕೊಟ್ಟವರು ಯಾರು?

ಆ ತಾಯಿಯ ವಿಷಯ ಓದಿ ಸಂಕಟವಾಯಿತು. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಮೂರು ದಿನ ಗುಳಿಗೆ ನಿಂತದ್ದಕ್ಕೆ ಫಿಟ್ಸ್ ಬಂದಿತು, ಸರಿ. ಮೂರು ದಿನ ನಿಂತರೆ ಫಿಟ್ಸ್ ಬರುವ ಮಟ್ಟಕ್ಕೆ ಆ ಮಿದುಳನ್ನು ತಂದವರು ಯಾರು? ಒಂದೇ ಚೀಟಿಗೆ ಆರು ವರ್ಷ, ತಿಂಗಳು ತಿಂಗಳು ಗುಳಿಗೆ ಎಣಿಸಿಕೊಟ್ಟ ನಮ್ಮಂಥ ಅಂಗಡಿಯವರೇ. ಹಳೆಯ ಚೀಟಿಗೆ ಕೊಡದೆ ಇದ್ದದ್ದರಿಂದ ಆದ ಅನಾಹುತ ಎಂದು ಅವರು ಬರೆದಿದ್ದಾರೆ. ನನಗೆ ಕಾಣುವುದು ಹಳೆಯ ಚೀಟಿಗೆ ಕೊಟ್ಟದ್ದರಿಂದಲೇ ಆದ ಅನಾಹುತ.

ವಿಜಯಪುರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೌಂಟರಿನ ಹಿಂದೆ ನಿಂತಿದ್ದೇನೆ. ಎಂತೆಂಥ ಚೀಟಿಗಳನ್ನು ನೋಡಿದ್ದೇನೆ! ಮಡಿಕೆಯಲ್ಲಿ ಹರಿದು ಸೆಲೋಟೇಪು ಹಚ್ಚಿದ್ದು, ಮೊಬೈಲಿನಲ್ಲಿ ಫೋಟೋ ತೆಗೆದದ್ದು, ಜೆರಾಕ್ಸಿನ ಜೆರಾಕ್ಸು. ಎಲ್ಲಕ್ಕಿಂತ ಹೆಚ್ಚು ಭಯವಾಗುವುದು ಲ್ಯಾಮಿನೇಟ್ ಮಾಡಿಸಿದ ಚೀಟಿಯನ್ನು ಕಂಡಾಗ. 1945ರ ಔಷಧ ನಿಯಮಗಳ ಪ್ರಕಾರ ಗುಳಿಗೆ ಕೊಟ್ಟವನು ಆ ಚೀಟಿಯ ಮೇಲೆಯೇ ತನ್ನ ಅಂಗಡಿಯ ಹೆಸರು, ವಿಳಾಸ, ತಾರೀಖು ಬರೆಯಬೇಕು. ವೈದ್ಯರು ಮತ್ತೆ ಕೊಡಿ ಎಂದು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಬಾರಿ. ಪ್ಲಾಸ್ಟಿಕ್ಕಿನ ಮೇಲೆ ಏನು ಬರೆಯಲಿ? ಆ ಚೀಟಿ ಎಂದಿಗೂ ಹಳೆಯದಾಗುವುದೇ ಇಲ್ಲ.

2014ರ ಮಾರ್ಚ್ 1ರಿಂದ ಅಲ್ಪ್ರಜೋಲಾಮ್, ಅದೇ ಗುಂಪಿನ ಡಯಾಜೆಪಾಮ್, ನೈಟ್ರಜೆಪಾಮ್ ಎಚ್-1 ಪಟ್ಟಿಗೆ, ಅಂದರೆ ಚೀಟಿ ನೋಡಿ ಲೆಕ್ಕವಿಟ್ಟೇ ಕೊಡಬೇಕಾದ ಔಷಧಗಳ ಪಟ್ಟಿಗೆ ಸೇರಿವೆ. ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಎಷ್ಟು ಎಂಬುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಒಳ್ಳೆಯ ನಿಯಮವೇ. ಆದರೆ ನನ್ನ ರಿಜಿಸ್ಟರಿನಲ್ಲಿ ಇರುವುದು ಪಕ್ಕದ ಅಂಗಡಿಯವನಿಗೆ ಕಾಣುವುದಿಲ್ಲ. ಐದು ದಿನದ ಗುಳಿಗೆ ಎಂಬ ಸಲಹೆ ಮುರಿಯುವುದು ಇಲ್ಲೇ. ನಾನು ಐದು ದಿನಕ್ಕೆ ಕೊಡುತ್ತೇನೆ, ಬಸ್ ನಿಲ್ದಾಣದ ಎದುರಿನವನು ಐದು ದಿನಕ್ಕೆ, ಸ್ಟೇಷನ್ ರಸ್ತೆಯವನು ಐದು ದಿನಕ್ಕೆ. ಆರು ಅಂಗಡಿ ತಿರುಗಿದರೆ ತಿಂಗಳು ಕಳೆಯುತ್ತದೆ, ವೈದ್ಯರ ಮುಖ ನೋಡುವ ಅಗತ್ಯವೇ ಬೀಳುವುದಿಲ್ಲ.

ಇದನ್ನು ಊಹೆಯಿಂದ ಹೇಳುತ್ತಿಲ್ಲ. ನಿವೃತ್ತ ಶಿಕ್ಷಕರೊಬ್ಬರು ನನ್ನಲ್ಲಿಗೆ ಬರುತ್ತಿದ್ದರು. ನನಗೇ ಏಳನೆಯ ತರಗತಿಗೆ ಗಣಿತ ಕಲಿಸಿದವರು. ಪತ್ನಿ ತೀರಿಕೊಂಡಾಗ ವೈದ್ಯರು ರಾತ್ರಿಗೊಂದು ಗುಳಿಗೆ ಬರೆದಿದ್ದರು, ಹದಿನೈದು ದಿನಕ್ಕೆ ಮಾತ್ರ. ಹದಿನೈದು ದಿನ ಮುಗಿಯಿತು. "ಇನ್ನೊಂದು ಸ್ಟ್ರಿಪ್ ಕೊಡು, ನಿದ್ದೆಯಿಲ್ಲ" ಎಂದರು. ಗುರುಗಳಿಗೆ ಚೀಟಿ ಎಲ್ಲಿ ಎಂದು ಕೇಳುವ ಬಾಯಿ ನನಗೆ ಬರಲಿಲ್ಲ. ಎರಡು ವರ್ಷ ಕೊಟ್ಟೆ. ಒಂದು ರಾತ್ರಿ ಬಚ್ಚಲಿಗೆ ಹೋದವರು ಕಾಲು ತಡವರಿಸಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ವಾರದ ನಂತರ ಅವರ ಮಗ ಒಂದು ಕೈಚೀಲ ತಂದು ಕೌಂಟರಿನ ಮೇಲೆ ಸುರಿದ. ಹನ್ನೊಂದು ಸ್ಟ್ರಿಪ್, ನಾಲ್ಕು ಅಂಗಡಿಗಳ ಬಿಲ್ಲುಗಳು. ರಾತ್ರಿಗೆ ಒಂದು ಇದ್ದದ್ದು ಮೂರಾಗಿತ್ತಂತೆ. ಅವನು ಏನೂ ಅನ್ನಲಿಲ್ಲ. ಬಿಲ್ಲುಗಳನ್ನು ಒಂದೊಂದಾಗಿ ತಿರುವಿ, ನಮ್ಮ ಅಂಗಡಿಯವನ್ನು ಬೇರೆ ಮಾಡಿ ನನ್ನ ಕಡೆ ಸರಿಸಿದ.

ವಯಸ್ಸಾದವರಿಗೆ ಈ ಗುಳಿಗೆ ತೂಕಡಿಕೆ ತರುತ್ತದೆ, ನಡಿಗೆಯ ಹದ ತಪ್ಪಿಸುತ್ತದೆ, ಮರೆವು ಹೆಚ್ಚಿಸುತ್ತದೆ. ಮೈ ಒಗ್ಗಿಕೊಂಡಂತೆ ಮೊದಲಿನ ಡೋಸ್ ಸಾಲದಾಗುತ್ತದೆ. ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂದು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1988ರಲ್ಲೇ ಹೇಳಿತ್ತು. ದೀರ್ಘಕಾಲದ ಆತಂಕಕ್ಕೆ ಎಸಿಟಲೋಪ್ರಾಮ್, ಸರ್ಟ್ರಲಿನ್‌ನಂಥ ಬೇರೆ ಗುಳಿಗೆಗಳಿವೆ, ಮಾತಿನ ಚಿಕಿತ್ಸೆ ಇದೆ. ಅವು ಫಲ ಕೊಡಲು ವಾರಗಳು ಬೇಕು. ಅಲ್ಪ್ರಜೋಲಾಮ್ ಒಂದು ಗಂಟೆಯೊಳಗೆ ಸಮಾಧಾನ ಕೊಡುತ್ತದೆ, ಜನ ಅದನ್ನೇ ಕೇಳಿಕೊಂಡು ಬರುತ್ತಾರೆ.

ಇನ್ನು ನಮ್ಮ ಊರಿನಲ್ಲಿ ಪೊಲೀಸ್, ಪಿಡಿಒ ಪರೀಕ್ಷೆಗೆ ಓದುವ ಹುಡುಗರು ತುಂಬಿದ್ದಾರೆ. ಪರೀಕ್ಷೆಯ ಹಿಂದಿನ ವಾರ "ಸರ್, ಗಾಬರಿಗೆ ಏನಾದರೂ ಕೊಡಿ" ಎಂದು ಗೆಳೆಯನ ಅಜ್ಜಿಯ ಚೀಟಿ ಹಿಡಿದು ಬರುತ್ತಾರೆ. ಹೊಸದಾಗಿ ಓದಿದ್ದು ನೆನಪಿನಲ್ಲಿ ನಿಲ್ಲುವುದಕ್ಕೇ ಈ ಗುಳಿಗೆ ಅಡ್ಡ ಬರುತ್ತದೆ ಎಂದು ಆ ಮಕ್ಕಳಿಗೆ ಯಾರು ಹೇಳಬೇಕು? ಸಂಜೆ ಕುಡಿಯುವವರು ಕೇಳಿಕೊಂಡು ಬರುವುದು ಇದಕ್ಕಿಂತ ಕೆಟ್ಟದ್ದು. ಸಾರಾಯಿಯ ಮೇಲೆ ಈ ಗುಳಿಗೆ, ಅಥವಾ ಟ್ರಮಡಾಲ್‌ನಂಥ ನೋವಿನ ಗುಳಿಗೆಯ ಜೊತೆಗೆ ಇದು ಬಿದ್ದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ತೆಲಂಗಾಣದಲ್ಲಿ ಕಲಬೆರಕೆ ಸೇಂದಿಗೆ ಬೆರೆಸುವುದೂ ಇದೇ ಅಲ್ಪ್ರಜೋಲಾಮನ್ನು.

ಕೊಡಬಾರದು ಎಂದರೆ ಬಾಗಿಲು ಹಾಕಿಕೊಳ್ಳಬೇಕು ಎಂದಲ್ಲ. ಮತ್ತೆ ಇಷ್ಟು ಬಾರಿ, ಇಷ್ಟು ದಿನಕ್ಕೊಮ್ಮೆ ಕೊಡಿ ಎಂದು ಚೀಟಿಯ ಮೇಲೆಯೇ ಬರೆಯಲು ವೈದ್ಯರಿಗೆ ನಿಯಮದಲ್ಲಿ ಅವಕಾಶವಿದೆ. ಅದನ್ನು ಬರೆಸಿಕೊಂಡು ಬನ್ನಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಬರೆಯುವ ವೈದ್ಯರು ತುಂಬ ಕಡಿಮೆ, ಇದನ್ನು ಬೇಸರದಿಂದಲೇ ಹೇಳಬೇಕಾಗಿದೆ. ಗುಳಿಗೆ ಮುಗಿಯಲು ಹತ್ತು ದಿನ ಇರುವಾಗಲೇ ಬರಲು ಹೇಳುತ್ತೇನೆ. ಮಾತಾಡಲು ಯಾರೂ ಇಲ್ಲದವರಿಗೆ ಟೆಲಿ ಮಾನಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಕವರಿನ ಮೇಲೆ ಬರೆದುಕೊಡುತ್ತೇನೆ.

ಆ ರೈತರು ಅಂದು ನನ್ನ ಅಂಗಡಿಗೆ ಬಂದಿದ್ದರೂ ನಾನು ಗುಳಿಗೆ ಕೊಡುತ್ತಿರಲಿಲ್ಲ. ಆದರೆ ಅವರನ್ನು ಊರಿನ ಬಸ್ಸು ಹತ್ತಲೂ ಬಿಡುತ್ತಿರಲಿಲ್ಲ. ಒಂದು ಕಾಗದದ ಮೇಲೆ "ಅಲ್ಪ್ರಜೋಲಾಮ್ 0.5, ದಿನಕ್ಕೆ ಮೂರು, ಆರು ವರ್ಷದಿಂದ, ನಿನ್ನೆ ಮುಗಿದಿದೆ" ಎಂದು ಬರೆದು, ತಾಯಿಯನ್ನು ಕರೆದುಕೊಂಡು ಈಗಲೇ ಸರಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇದನ್ನು ತೋರಿಸಿ ಎಂದು ಕೈಗೆ ಕೊಡುತ್ತಿದ್ದೆ. ರಾತ್ರಿ ಎಷ್ಟೇ ಹೊತ್ತಾದರೂ ಅಲ್ಲಿ ಚೀಟಿ ಬರೆಯುವವರು ಇರುತ್ತಾರೆ.