ವಾಷರ್ ಹಾಕಿದರೆ ಸ್ಪ್ರಿಂಗ್ ಗಟ್ಟಿಯಾಗಲ್ಲ

ಮೈಸೂರು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಬಂದು ಹದಿನೆಂಟು ವರ್ಷವಾಯಿತು. ಕಾರು ನಿಲ್ಲಿಸಬೇಕಾದ ಜಾಗದಲ್ಲಿ ಈಗ 1973ರ ಹೋಂಡಾ ಸಿಆರ್250ಎಂ ಎಲ್ಸಿನೋರ್ ನಿಂತಿದೆ. ಹೋಂಡಾ ಮಾರಾಟಕ್ಕೆ ತಂದ ಮೊದಲ ಟೂ-ಸ್ಟ್ರೋಕ್ ಮೋಟೋಕ್ರಾಸ್ ಬೈಕ್, ಅಂದರೆ ಮಣ್ಣಿನ ದಿಬ್ಬ ಹಾರುವ ರೇಸಿನ ಬೈಕ್, ಇದು. ಅದೇ ವರ್ಷ ಗ್ಯಾರಿ ಜೋನ್ಸ್ ಹೋಂಡಾ ಓಡಿಸಿ ಅಮೆರಿಕದ 250 ಸಿಸಿ ಚಾಂಪಿಯನ್ ಆದರು. ಲೇಕ್ ಎಲ್ಸಿನೋರ್ ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಊರು. ಅಲ್ಲಿನ ರೇಸಿನಿಂದಲೇ ಬೈಕಿಗೆ ಆ ಹೆಸರು.

ಐವತ್ತು ವರ್ಷದ ಹಿಂದಿನ ಫೋರ್ಕು (ಮುಂದಿನ ಚಕ್ರ ಹಿಡಿದಿರುವ, ಒಳಗೆ ಸ್ಪ್ರಿಂಗ್ ಮತ್ತು ಆಯಿಲ್ ಇರುವ ಜೋಡಿ ಪೈಪು), ಎಂಬತ್ತೆಂಟು ಕಿಲೋ ತೂಗುವ ನಾನು. ಚಿಕ್ಕ ದಿಬ್ಬ ಹಾರಿ ಇಳಿದರೂ ಮುಂದುಗಡೆ ಪೂರ್ತಿ ಕುಸಿದು ಢಬ್ ಅನ್ನುತ್ತಿತ್ತು.

ಮೊದಲು ಊರಿನ ಬುದ್ಧಿ ಓಡಿತು. ಅಪ್ಪನ ಹತ್ತಿರ ಜಾವಾ ಇತ್ತು, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದ್ದು. ಫೋರ್ಕು ಮೆತ್ತಗಾದರೆ ನಮ್ಮ ಮೇಸ್ತ್ರಿ ಹ್ಯಾಂಡಲ್ ಹಿಡಿದು ಎರಡು ಸಲ ಒತ್ತಿ ನೋಡುತ್ತಿದ್ದರು. "ಎರಡು ವಾಷರ್ ಹಾಕಿ, ದಪ್ಪ ಆಯಿಲ್ ಬಿಡ್ತೀನಿ ಸಾರ್, ಕಲ್ಲಾಗುತ್ತೆ." ಅಪ್ಪ, ಅಮ್ಮ, ನಾನು, ಜೊತೆಗೊಂದು ಗ್ಯಾಸ್ ಸಿಲಿಂಡರು. ಆ ಸವಾರಿಗೆ ಅಷ್ಟು ಸಾಕಿತ್ತು. ನಾನೂ ಹಾಗೇ ಮಾಡಿದೆ. ಸ್ಪ್ರಿಂಗ್ ಮೇಲೆ ದಪ್ಪ ವಾಷರ್, ಒಳಗೆ ದಪ್ಪ ಆಯಿಲ್. ಫಲ? ಸಣ್ಣ ಕಲ್ಲು ಸಿಕ್ಕರೂ ಮಣಿಕಟ್ಟು ನೋಯುವಷ್ಟು ಬಿರುಸು. ಚಕ್ರ ಗಾಳಿಗೆ ಎದ್ದಾಗ ಟಕ್ ಅಂತ ಸದ್ದು. ದೊಡ್ಡ ಜಿಗಿತಕ್ಕೆ ಮತ್ತದೇ ಢಬ್.

ಕಾರಣ ತಿಳಿದ ಮೇಲೆ ನಾಚಿಕೆಯಾಯಿತು. ವಾಷರ್ ಹಾಕಿದರೆ ಸ್ಪ್ರಿಂಗ್ ಗಟ್ಟಿಯಾಗಲ್ಲ. ಶುರುವಿನಲ್ಲೇ ಸ್ವಲ್ಪ ಒತ್ತಿಟ್ಟಂತೆ, ಅಷ್ಟೇ. ಆಮೇಲೆ ಒಂದೊಂದು ಸೆಂಟಿಮೀಟರ್ ಕುಸಿಯಲು ಬೇಕಾದ ಬಲ ಮೊದಲಿನಷ್ಟೇ. ಆಯಿಲ್ ಕಥೆ ಇನ್ನೂ ಕೆಟ್ಟದ್ದು. ಈ ಹಳೇ ಫೋರ್ಕಿನೊಳಗೆ ಡ್ಯಾಂಪರ್ ರಾಡ್ ಅಂತ ಒಂದು ಕೊಳವೆ ಇರುತ್ತದೆ. ಅದರ ತೂತುಗಳಲ್ಲಿ ಆಯಿಲ್ ನುಗ್ಗಬೇಕು. ಫೋರ್ಕು ಕುಸಿಯುವ ವೇಗ ಎರಡರಷ್ಟಾದರೆ ತೂತಿನ ತಡೆ ಹತ್ತಿರಹತ್ತಿರ ನಾಲ್ಕರಷ್ಟಾಗುತ್ತದೆ. ಹಾಗಾಗಿ ನಿಧಾನಕ್ಕೆ ಒತ್ತಿದರೆ ಬೆಣ್ಣೆ, ಚೂಪು ಪೆಟ್ಟು ಬಿದ್ದರೆ ಬಂಡೆ. ಆಯಿಲ್ ದಪ್ಪ ಮಾಡಿದರೆ ಬಂಡೆ ಇನ್ನೂ ದೊಡ್ಡದಾಗುತ್ತದೆ.

ಇಲ್ಲಿನ ಗೆಳೆಯರ ಸಲಹೆ ಬೇರೆ. "ಅದನ್ನು ಬಿಚ್ಚಿ ಪಕ್ಕಕ್ಕಿಡು, ತೊಂಬತ್ತರ ದಶಕದ ಬೈಕಿನ ಇಡೀ ಮುಂಭಾಗ ತಂದು ಹಾಕು." ಕಾರ್ಡ್ ಉಜ್ಜಿದರೆ ಕೆಲಸ ಮುಗಿಯಿತು ಅನ್ನುವ ಜನ. ನನಗೆ ಇದು ಒಪ್ಪಿಗೆಯಿಲ್ಲ. ಉದ್ದದ ಫೋರ್ಕು ಹಾಕಿದರೆ ಮೂತಿ ಮೇಲೇಳುತ್ತದೆ, ಬೈಕು ತಿರುವಿಗೆ ಬಗ್ಗಲ್ಲ. ಹಳೇ ಬೈಕ್ ರೇಸ್ ನಡೆಸುವ ಆರ್ಮಾ ಸಂಸ್ಥೆಯ ನಿಯಮವೂ ಇದೆ: ನನ್ನ ಬೈಕಿನ ವರ್ಗದಲ್ಲಿ ಮುಂದೆ 7 ಇಂಚು, ಹಿಂದೆ 4 ಇಂಚಿಗಿಂತ ಜಾಸ್ತಿ ಕುಸಿಯುವ ಚಲನೆ ಇರಬಾರದು. ಒಳಗೆ ತಡೆ ಹಾಕಿ 7 ಇಂಚಿಗೆ ಇಳಿಸುವವರೂ ಇದ್ದಾರೆ. ಹಾಗಿದ್ದಮೇಲೆ ಎಲ್ಸಿನೋರ್ ಯಾಕೆ ಬೇಕು, ಅಲ್ವಾ?

ಮೈಸೂರಿನ ಕೈ, ಇಲ್ಲಿನ ಕಾರ್ಡು, ಎರಡೂ ಅಳತೆ ತಪ್ಪಿಸಿಕೊಳ್ಳುವ ದಾರಿಗಳೇ ಅನ್ನಿಸಿತು. ಹಾಗಾಗಿ ಟೇಪ್ ಹಿಡಿದು ಕೂತೆ. ನಾನು ಬೈಕ್ ಮೇಲೆ ಕೂತಾಗ ಫೋರ್ಕು ಎಷ್ಟು ಕುಸಿಯುತ್ತದೆ ಅಂತ ಮಗಳು ಅಳೆದಳು. 7 ಇಂಚು ಅಂದರೆ ಸುಮಾರು 178 ಮಿಲಿಮೀಟರ್. ಅದರಲ್ಲಿ ಕಾಲು ಭಾಗ, 45 ಮಿಲಿಮೀಟರ್ ಆಸುಪಾಸು ಸಾಕು ಅಂತ ಇಟ್ಟುಕೊಂಡಿದ್ದೆ. ವಾಷರ್ ತೆಗೆದಾಗ 70 ದಾಟಿತು. ನನ್ನ ತೂಕಕ್ಕೆ ತಕ್ಕ ಗಟ್ಟಿ ಸ್ಪ್ರಿಂಗ್ ತರಿಸಿದೆ. ಡ್ಯಾಂಪರ್ ರಾಡಿನ ಕೆಳಗಿನ ತೂತುಗಳನ್ನು 8 ಮಿಲಿಮೀಟರಿಗೆ ಕೊರೆದೆ. ಈಗ ತಡೆ ಕೊಡುವುದು ಆ ತೂತಲ್ಲ, ರಾಡಿನ ತಲೆಯ ಮೇಲೆ ಕೂತ ಎಮ್ಯುಲೇಟರ್ ಅನ್ನುವ ಪುಟ್ಟ ವಾಲ್ವ್. ಪೆಟ್ಟು ಜೋರಾದರೆ ಅದರ ಸ್ಪ್ರಿಂಗ್ ಸೋತು ಬಾಯಿ ಬಿಡುತ್ತದೆ, ಆಯಿಲ್ ಸಲೀಸಾಗಿ ಹರಿಯುತ್ತದೆ. ಆಯಿಲ್ ಮಟ್ಟವನ್ನೂ ಅಂದಾಜಿಗೆ ಬಿಡಲಿಲ್ಲ. ಸ್ಪ್ರಿಂಗ್ ಹೊರಗೆ ತೆಗೆದು, ಫೋರ್ಕು ಪೂರ್ತಿ ಒತ್ತಿ, ಮೇಲಿನ ಅಂಚಿನಿಂದ ಅಳೆದು ಆಯಿಲ್ ತುಂಬಿದೆ.

ಊರಿನ ಬುದ್ಧಿ ಗೆದ್ದ ಜಾಗವೂ ಉಂಟು. ಫೋರ್ಕಿನ ಒಂದು ಪೈಪ್ ಸ್ವಲ್ಪ ಬಾಗಿತ್ತು, ಕ್ರೋಮ್ ಮೇಲೆ ತುಕ್ಕಿನ ಚುಕ್ಕಿಗಳಿದ್ದವು. ಇಲ್ಲಿ ಕೇಳಿದವರೆಲ್ಲ ಹೊಸ ಜೋಡಿ ತಗೋ ಅಂದರು. ನಮ್ಮಲ್ಲಿ ಲೇತ್ ಅಂಗಡಿಯವರು ಇಂಥ ಬೆಂಡ್ ಎಷ್ಟು ತೆಗೆದಿಲ್ಲ! ವಿ-ಬ್ಲಾಕ್ ಮೇಲಿಟ್ಟು, ಡಯಲ್ ಗೇಜ್ ಹಚ್ಚಿ, ಪ್ರೆಸ್‌ನಲ್ಲಿ ಒಂದೊಂದೇ ಕೂದಲೆಳೆಯಷ್ಟು ಒತ್ತಿ ನೇರ ಮಾಡಿದೆ. ಚುಕ್ಕಿಗಳು ಸೀಲ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಮುಟ್ಟದ ಮೇಲ್ಭಾಗದಲ್ಲಿದ್ದವು. ಎಪಾಕ್ಸಿ ತುಂಬಿ ಉಜ್ಜಿದೆ. ಆರು ತಿಂಗಳಾಯಿತು, ಹನಿ ಆಯಿಲ್ ಸೋರಿಲ್ಲ.

ಹೋದ ವಾರ ಮೇಸ್ತ್ರಿಗೆ ಫೋನ್ ಮಾಡಿದ್ದೆ. ಎಪ್ಪತ್ತು ದಾಟಿದೆ, ಅಂಗಡಿ ಈಗ ಮಗ ನೋಡಿಕೊಳ್ಳುತ್ತಾನೆ. ಎಲ್ಲ ಕೇಳಿಸಿಕೊಂಡು, "ಪೈಪ್ ಒತ್ತುವಾಗ ಕೆಳಗೆ ಹಿತ್ತಾಳೆ ತುಂಡು ಇಟ್ಟಿದ್ದಾ?" ಅಂದರು. ಇಟ್ಟಿರಲಿಲ್ಲ. "ಮತ್ತೆ ಕ್ರೋಮ್ ಗೀರಿರುತ್ತೆ, ಬಿಚ್ಚಿ ನೋಡು."